ಮಾಸ್ತರಿಕೆ ಬಿಟ್ಟ ಶರೀಫಜ್ಜ

ಕಳೆದ ವರ್ಷ ಪ್ರಥಮ ಪಿಯುಸಿಯಲ್ಲಿ ನಾನು ಎರಡು ವಿಷಯಗಳಲ್ಲಿ ಫೇಲಾದೆ. ಒಂದು ಇಂಗ್ಲಿಷ್, ಇನ್ನೊಂದು ಅರ್ಥಶಾಸ್ತ್ರ. ನಮ್ಮದೇ ಕಾಲೇಜಿನ ಪತ್ರಿಕೆಯಲ್ಲಿ ಇದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ಆದರೆ ಇದನ್ನು ಬಿಟ್ಟು ಬರೆದರೆ ಶರೀಫಜ್ಜನ ಕಥೆ ನನಗೆ ಯಾಕೆ ಬೇಕಾಯಿತು ಎಂಬುದು ನಿಮಗೆ ತಿಳಿಯುವುದಿಲ್ಲ. ಅದಕ್ಕೆ ಮೊದಲೇ ಹೇಳಿಬಿಟ್ಟೆ.

ಫಲಿತಾಂಶ ಬಂದ ಮರುದಿನದಿಂದ ನಾನು ಮಾಮುವಿನ ಗ್ಯಾರೇಜಿಗೆ ಹೋಗತೊಡಗಿದೆ. ಪಂಕ್ಚರ್ ತಿದ್ದುವುದು, ಆಯಿಲ್ ಬದಲಿಸುವುದು, ಚೈನ್ ಬಿಗಿ ಮಾಡುವುದು. ಸಂಜೆಗೆ ಕೈಯಲ್ಲಿ ದುಡ್ಡು. ಪೂರಕ ಪರೀಕ್ಷೆಯ ಅರ್ಜಿ ತುಂಬಲಿಲ್ಲ. ಒಂದು ದಿನ ನಮ್ಮ ಕನ್ನಡ ಸರ್ ಗಾಡಿಗೆ ಹವಾ ಹಾಕಿಸಲು ಬಂದವರು ನನ್ನನ್ನು ಅಲ್ಲಿ ನೋಡಿದರು. ಅರ್ಜಿ ಯಾಕೆ ತುಂಬಲಿಲ್ಲ ಎಂದು ಕೇಳಿದರು. ನನಗೆ ಸಿಟ್ಟು ಬಂತು. ಶಿಶುನಾಳ ಶರೀಫರೂ ಮಾಸ್ತರಿಕೆ ಬಿಟ್ಟವರು, ಸಾಲಿ ಬಿಟ್ಟರೇನೇ ಅವರು ದೊಡ್ಡವರಾದದ್ದು ಎಂದು ಜಾಣತನದ ಮಾತಾಡಿದೆ. ಸರ್ ಬೈಯಲಿಲ್ಲ, ನಕ್ಕರು. ಹಾಗಿದ್ದರೆ ಅವರ ಬದುಕನ್ನು ಪೂರ್ತಿ ಓದಿ ನಮ್ಮ ಪತ್ರಿಕೆಗೆ ಬರೆದು ಕೊಡು, ಅವರು ಬಿಟ್ಟದ್ದೇನು, ಹಿಡಿದದ್ದೇನು ಅಂತ ನೀನೇ ನೋಡು ಎಂದು ಹೇಳಿ ಹೋದರು. ಈ ಲೇಖನ ಅಂದು ಅವರು ಕೊಟ್ಟ ಹೋಮ್‌ವರ್ಕ್. ಒಂದು ವರ್ಷ ತಡವಾಗಿದೆ.

ಶರೀಫರ ಊರು ನಮ್ಮ ಶಿಗ್ಗಾವಿ ತಾಲೂಕಿನ ಶಿಶುನಾಳ. ಹಳೆಯ ಹೆಸರು ಶಿಶುವಿನಹಾಳ. ಅವರು ಹುಟ್ಟಿದ್ದು 1819ರಲ್ಲಿ. ಅದರ ಹಿಂದಿನ ವರ್ಷವಷ್ಟೇ ಪೇಶ್ವೆಯರ ಆಳ್ವಿಕೆ ಮುಗಿದು ಧಾರವಾಡ ಸೀಮೆ ಕಂಪನಿ ಸರಕಾರದ ಕೈಗೆ ಹೋಗಿತ್ತು. ಪಕ್ಕದ ಸವಣೂರಿನಲ್ಲಿ ಮಾತ್ರ ನವಾಬರ ಗಾದಿ ಉಳಿದುಕೊಂಡಿತ್ತು. ಅಂದರೆ ಶರೀಫರು ಕಣ್ಣು ಬಿಟ್ಟದ್ದು ಹಳೆಯ ದೊರೆಗಳು ಹೋಗಿ ಹೊಸ ದೊರೆಗಳು ಬಂದು ಕೂತ ಹೊತ್ತಿನಲ್ಲಿ. ಅವರಿಗೆ ಐದು ವರ್ಷವಾದಾಗ ಕಿತ್ತೂರಿನಲ್ಲಿ ಯುದ್ಧವಾಯಿತು. ಹನ್ನೆರಡು ತುಂಬುವ ಮೊದಲೇ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ನಮ್ಮ ಇತಿಹಾಸದ ಪುಸ್ತಕದಲ್ಲಿ ಇವೆಲ್ಲ ಬೇರೆ ಬೇರೆ ಪಾಠಗಳು. ಹಳ್ಳಿಯ ಒಬ್ಬ ಹುಡುಗನಿಗೆ ಇವು ಸಂತೆಯಿಂದ ಬಂದವರ ಬಾಯಲ್ಲಿ ಕೇಳಿದ ಸುದ್ದಿಗಳಾಗಿದ್ದವು ಎಂದು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ.

ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜುಮಾ. ಬಹಳ ದಿನ ಮಕ್ಕಳಾಗದೆ ಕೊರಗಿದವರಿಗೆ ಹುಲಗೂರಿನ ಖಾದ್ರಿಯವರ ದುವಾದಿಂದ ಈ ಮಗ ಹುಟ್ಟಿದನೆಂದು ನಮ್ಮ ಕಡೆ ಹೇಳುತ್ತಾರೆ. ಹೆಸರು ಮಹಮ್ಮದ್ ಶರೀಫ್. ಹುಲಗೂರಿನ ದರ್ಗಾಕ್ಕೆ ಇಂದಿಗೂ ಎಲ್ಲ ಜಾತಿಯವರು ನಡೆದುಕೊಳ್ಳುತ್ತಾರೆ. ನಮ್ಮ ನಾನಾ ಸಣ್ಣವರಿದ್ದಾಗ ಉರುಸಿಗೆ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದರಂತೆ. ಇಮಾಮ್ ಸಾಹೇಬರು ಹೆಚ್ಚು ಸಿರಿವಂತರಲ್ಲ, ಆದರೆ ಮಗನಿಗೆ ಅಕ್ಷರ ಕಲಿಸುವ ಹಟ ಇದ್ದವರು. ಆಗ ಈಗಿನಂಥ ಸಾಲಿಗಳಿರಲಿಲ್ಲ, ಊರಲ್ಲಿ ಕೂಲಿಮಠ ಇರುತ್ತಿತ್ತು. ಅಲ್ಲಿ ಮರಳಿನ ಮೇಲೆ ಬೆರಳಿನಿಂದ ತಿದ್ದಿ ತಿದ್ದಿ ಕಲಿಯಬೇಕು. ಶರೀಫರು ಕನ್ನಡ, ಉರ್ದು, ಮೋಡಿ ಬರಹ ಎಲ್ಲ ಕಲಿತರು. ರಾಮಾಯಣ, ಮಹಾಭಾರತದ ಕಥೆ, ಶರಣರ ವಚನ, ಅಲ್ಲಮಪ್ರಭುವಿನ ಮಾತು ಕೇಳಿ ಬೆಳೆದರು. ಮುಲ್ಕಿ ಪರೀಕ್ಷೆ ಪಾಸಾದರು. ಸರಕಾರಿ ಕಚೇರಿಗಳಲ್ಲಿ ಮರಾಠಿಯೇ ತುಂಬಿದ್ದ ಆ ಕಾಲದಲ್ಲಿ ಹಳ್ಳಿಯ ಬಡ ಮುಸಲ್ಮಾನರ ಮಗನೊಬ್ಬ ಕನ್ನಡ ಓದಿ ಮಾಸ್ತರನಾಗುವುದೆಂದರೆ ಸಣ್ಣ ಮಾತಾಗಿರಲಿಲ್ಲ. ಇಂದು ನಮ್ಮ ಓಣಿಯಲ್ಲಿ ಒಬ್ಬರಿಗೆ ಸರಕಾರಿ ನೌಕರಿ ಸಿಕ್ಕರೆ ಎಷ್ಟು ಮನೆಗೆ ಸಿಹಿ ಹಂಚುತ್ತಾರೆ, ಅದನ್ನು ನೆನೆಸಿಕೊಳ್ಳಿ.

ಅಂಥ ಕೆಲಸವನ್ನು ಅವರು ಬಿಟ್ಟರು.

ಸುತ್ತಲಿನ ಹಳ್ಳಿಗಳಲ್ಲಿ ಕೆಲವು ಕಾಲ ಮಕ್ಕಳಿಗೆ ಕಲಿಸಿದರು, ಆಮೇಲೆ ಸಾಕೆಂದರು. ಗ್ಯಾರೇಜಿನಲ್ಲಿ ಕೂತು ನಾನು ಹಿಡಿದುಕೊಂಡಿದ್ದ ಗಟ್ಟಿ ಆಧಾರ ಇದೊಂದೇ. ಓದುತ್ತ ಹೋದಂತೆ ಅದು ನನ್ನ ಕೈ ಜಾರಿತು. ಅವರು ಕೆಲಸ ಬಿಟ್ಟದ್ದು ಕಲಿಕೆ ಸಾಕಾಗಿ ಅಲ್ಲ, ಇದ್ದ ಕಲಿಕೆ ಸಾಲದೆ. ಮಕ್ಕಳಿಗೆ ಕಾಗುಣಿತ, ಮಗ್ಗಿ ಹೇಳಿಕೊಡುತ್ತ ತನ್ನೊಳಗಿನ ಪ್ರಶ್ನೆಗೆ ಯಾರು ಉತ್ತರ ಹೇಳಬೇಕು ಎಂದು ತಳಮಳಿಸಿದ ಮನುಷ್ಯ ಅವರು. ನಾನು ಬಿಟ್ಟದ್ದು ಇಂಗ್ಲಿಷ್ ಪೇಪರಿಗೆ ಹೆದರಿ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟಿದ್ದೆನಲ್ಲ!

ಉತ್ತರ ಹೇಳುವವರು ಸಿಕ್ಕಿದ್ದು ಕಳಸದಲ್ಲಿ. ಚಿಕ್ಕಮಗಳೂರಿನ ಕಳಸ ಅಲ್ಲ, ಇಲ್ಲೇ ಕುಂದಗೋಳ ತಾಲೂಕಿನ ಕಳಸ. ಅಲ್ಲಿಯ ಗೋವಿಂದಭಟ್ಟರು ಬ್ರಾಹ್ಮಣರು. ಆದರೆ ಮಡಿ ಮೈಲಿಗೆಗಳನ್ನು ತಲೆಗೆ ಹಚ್ಚಿಕೊಂಡವರಲ್ಲ, ಯಾರ ಮನೆಯ ಕಟ್ಟೆಯ ಮೇಲಾದರೂ ಕೂರುವವರು, ಊರವರ ಕಣ್ಣಿಗೆ ಒಂದು ನಮೂನೆ ಹುಚ್ಚರು. ಶರೀಫರು ಶಿಷ್ಯನಾಗಲು ಹೋದಾಗ ಗುರುಗಳು ನಿನ್ನ ಅಪ್ಪ ಯಾರೆಂದು ಕೇಳಿದರಂತೆ. ನಿಮಗೆ ಯಾರು ಅಪ್ಪನೋ ನನಗೂ ಅವನೇ ಎಂದು ಹುಡುಗ ಹೇಳಿದನಂತೆ. ಸುತ್ತ ನಿಂತವರು ಇದೇನು ಸೊಕ್ಕು ಎಂದುಕೊಂಡರು. ಭಟ್ಟರು ಮಾತ್ರ ಹಿಗ್ಗಿದರು. ಈ ಕಥೆ ಹೀಗೆಯೇ ನಡೆಯಿತೋ, ಹಾಡುವವರ ಬಾಯಲ್ಲಿ ಬೆಳೆಯಿತೋ, ಅದರ ಗೊಡವೆ ನನಗಿಲ್ಲ. ಆದರೆ ಇಂಥ ಗುರುವಿಗೆ ಇಂಥ ಶಿಷ್ಯ ಬೇಕಿತ್ತು ಎಂಬುದು ಮಾತ್ರ ಅದರಲ್ಲಿದೆ.

ಮುಂದೆ ಗೋವಿಂದಭಟ್ಟರು ಶರೀಫರಿಗೆ ಜನಿವಾರವನ್ನೇ ಹಾಕಿದರು ಎಂಬ ಪ್ರತೀತಿ ಇದೆ. ಆಗ ಎರಡೂ ಕಡೆಯವರಿಗೆ ಸಿಟ್ಟು ಬಂತು. ಒಬ್ಬ ಮುಸಲ್ಮಾನನನ್ನು ಪಕ್ಕಕ್ಕೆ ಕೂರಿಸಿಕೊಂಡು ಉಣ್ಣುವ ಭಟ್ಟರನ್ನು ಅವರ ಜನ ದೂರ ಇಟ್ಟರು. ಜನಿವಾರದವರ ಮನೆ ಬಾಗಿಲಿಗೆ ಬಿದ್ದ ಶರೀಫನನ್ನು ಇವರ ಜನ ದೂರ ಇಟ್ಟರು. ಅವರಿಬ್ಬರಿಗೆ ಉಳಿದದ್ದು ದಾರಿ ಮತ್ತು ಹಾಡು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ನಾನು ಶರೀಫರ ಬಗ್ಗೆ ಬರೆಯುತ್ತೇನೆಂದಾಗ ನನ್ನ ಗೆಳೆಯನೊಬ್ಬ ಬೇಡ ಎಂದ. ಅವರು ನಮ್ಮವರೇ ಅಲ್ಲ, ಅವರ ದಾರಿ ಬೇರೆ ಎಂದ. ಇನ್ನೊಂದು ಕಾಲೇಜಿನಲ್ಲಿ ಓದುವ ನನ್ನ ಹಳೆಯ ಹೈಸ್ಕೂಲ್ ಗೆಳೆಯ, ಅವರು ಹೆಸರಿಗಷ್ಟೇ ನಿಮ್ಮವರು, ನಿಜಕ್ಕೂ ನಮ್ಮವರು ಎಂದ. ಇಬ್ಬರೂ ಒಳ್ಳೆಯ ಹುಡುಗರೇ. ನಾನು ಆಲಿಮ್ ಅಲ್ಲ, ಯಾರ ಅಕೀದಾ ಹೇಗಿತ್ತೆಂದು ಹೇಳುವ ವಯಸ್ಸೂ ಓದೂ ನನಗಿಲ್ಲ, ಅದನ್ನು ಅಲ್ಲಾಹನಿಗೇ ಬಿಟ್ಟಿದ್ದೇನೆ. ಆದರೆ ಇನ್ನೂರು ವರ್ಷವಾದ ಮೇಲೂ ಒಬ್ಬ ಮನುಷ್ಯನನ್ನು ಹಿಡಿದು ನಮ್ಮವರೋ ನಿಮ್ಮವರೋ ಎಂದು ಜಗ್ಗಾಡುತ್ತಾರೆಂದರೆ, ಬದುಕಿದ್ದಾಗ ದಿನಬೆಳಗಾದರೆ ಅವರು ಎಷ್ಟು ಕೇಳಿರಬೇಕು? ಮೊಹರಮ್ಮಿನಲ್ಲಿ ಹಾಡುವ ರಿವಾಯತ ಪದಗಳನ್ನೂ ಅವರು ಕಟ್ಟಿದ್ದಾರೆ, ಕರ್ಬಲಾದ ದುಃಖ ಅವರಿಗೆ ಗೊತ್ತಿತ್ತು. ಅದೇ ಬಾಯಿಂದ ಊರಿನ ಬಸವಣ್ಣನನ್ನೂ ಹಾಡಿದ್ದಾರೆ. ನಮ್ಮ ಹಳ್ಳಿಗಳಲ್ಲಿ ಅಲಾವಿ ಕುಣಿಯ ಸುತ್ತ ಹೆಜ್ಜೆ ಹಾಕುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮುಸಲ್ಮಾನರಲ್ಲ ಎಂಬುದನ್ನು ಕಂಡವರಿಗೆ ಇದು ವಿಚಿತ್ರ ಅನಿಸಲಿಕ್ಕಿಲ್ಲ.

ಶರೀಫರ ಮದುವೆ ಕುಂದಗೋಳದ ಫಾತಿಮಾ ಅವರೊಡನೆ ಆಯಿತು. ಒಂದು ಹೆಣ್ಣುಮಗು ಹುಟ್ಟಿತು. ಮಗು ಎಳವೆಯಲ್ಲೇ ಹೋಯಿತು. ಫಾತಿಮಾ ಅವರೂ ಹೆಚ್ಚು ದಿನ ಬಾಳಲಿಲ್ಲ. ಶರೀಫರು ಮತ್ತೆ ಮದುವೆಯಾಗಲಿಲ್ಲ.

ಇಷ್ಟು ಓದಿ ಹೇಳಿದಾಗ ನಮ್ಮ ಅಮ್ಮಿ ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು. ಗಂಡ ನೌಕರಿ ಬಿಟ್ಟು ಗುರುವಿನ ಹಿಂದೆ ಊರೂರು ತಿರುಗುವಾಗ ಆ ಹೆಣ್ಣುಮಗಳು ಏನು ಉಂಡಳು ಎಂದು. ನನಗೆ ಉತ್ತರ ಗೊತ್ತಿರಲಿಲ್ಲ. ಪುಸ್ತಕಗಳು ಫಾತಿಮಾ ಅವರಿಗೆ ಎರಡು ಸಾಲು ಕೊಟ್ಟು ಮುಂದೆ ಹೋಗುತ್ತವೆ. ಸಿನೆಮಾದಲ್ಲಿ ಒಂದಿಷ್ಟು ದೃಶ್ಯಗಳಿವೆ. ಅಮ್ಮಿಯ ಪ್ರಶ್ನೆಯನ್ನು ನಾನು ಬರೆಯದೆ ಬಿಡಬಹುದಿತ್ತು, ಸಂತರ ಚರಿತ್ರೆ ಬರೆಯುವವರು ಇಂಥದನ್ನು ಬಿಟ್ಟೇ ಬಿಡುತ್ತಾರೆ. ಆದರೆ ಮನೆಯಲ್ಲಿ ದುಡಿಯುವ ಒಬ್ಬನೇ ಒಬ್ಬ ಕೆಲಸ ಬಿಟ್ಟರೆ ಏನಾಗುತ್ತದೆ ಎಂಬುದು ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತು. ಶರೀಫರು ದೊಡ್ಡವರು, ಅದರ ಜೊತೆಗೇ ಅವರು ಒಳ್ಳೆಯ ಸಂಸಾರಿಯಾಗಿರಲಿಲ್ಲ ಎಂದು ನನಗನಿಸುತ್ತದೆ. ಇದನ್ನು ಹೇಳಿದರೆ ಅವರ ಮರ್ಯಾದೆ ಕಡಿಮೆಯಾಗುವುದಿಲ್ಲ. ಅವರೇ ತಮ್ಮ ಪದಗಳಲ್ಲಿ ತಮ್ಮನ್ನು ಬಿಟ್ಟುಕೊಟ್ಟಿಲ್ಲ, ಸಂಸಾರದ ಗೋಜಲಿನಲ್ಲಿ ಸಿಕ್ಕಿದವನು, ಮರುಳನು ಎಂದು ತಮ್ಮನ್ನೂ ಸೇರಿಸಿಯೇ ಬೈದುಕೊಂಡಿದ್ದಾರೆ. ಕೆಲವು ಪದಗಳಲ್ಲಿ ಮಾತು ಬಹಳ ಒರಟು, ಹಿರಿಯರ ಮುಂದೆ ಹಾಡಲು ನಾಲಿಗೆ ಏಳುವುದಿಲ್ಲ. ಹುಕ್ಕಾ ಸೇದುವುದನ್ನೂ ಹಾಡಾಗಿಸಿದ್ದಾರೆ, ಅದಕ್ಕೆ ಒಳಗಿನ ಅರ್ಥ ಬೇರೆ ಇದೆ ಎನ್ನಿ. ಹೊಗೆ ಕಾಣದವನು ಆ ಪದ ಕಟ್ಟಿರಲಾರ ಎಂದು ನಮ್ಮ ನಾನಾ ಹೇಳುತ್ತಾರೆ.

ಹೆಂಡತಿ, ಮಗಳು ಹೋದ ಮೇಲಿನ ಶರೀಫರನ್ನು ನಾನು ಬಹಳ ಹೊತ್ತು ಯೋಚಿಸಿದೆ. ನೌಕರಿ ಇಲ್ಲ, ಮನೆಯಲ್ಲಿ ಕಾಯುವವರಿಲ್ಲ, ಎರಡು ಜಾತಿಯವರ ಕಣ್ಣಲ್ಲೂ ಕೆಟ್ಟವರು. ಇಂಥವರು ಸಾಮಾನ್ಯವಾಗಿ ಊರ ಹೊರಗಿನ ಕಟ್ಟೆಯ ಮೇಲೆ ಕೂತು ಮುಗಿದುಹೋಗುತ್ತಾರೆ. ನಮ್ಮ ಊರಲ್ಲೂ ಅಂಥ ಒಬ್ಬಿಬ್ಬರನ್ನು ನೋಡಿದ್ದೇನೆ. ಶರೀಫರು ಮುಗಿದುಹೋಗದೆ ಇದ್ದದ್ದು ಹೇಗೆ? ಅವರು ದುಃಖವನ್ನು ಮರೆತರು, ವಿರಕ್ತರಾದರು ಎಂದು ಬರೆಯುವುದು ಸುಲಭ. ಪದಗಳನ್ನು ಓದಿದರೆ ಮರೆತಂತೆ ಕಾಣುವುದಿಲ್ಲ. ಗಂಡನ ಮನೆಗೆ ಹೊರಟ ಹೆಣ್ಣುಮಗಳು ಅಳುತ್ತಾಳೆ, ಅವಳನ್ನು ಸಮಾಧಾನ ಮಾಡುವ ಪದ ಇದೆ. ಮದುವೆಗಳಲ್ಲಿ ಈಗಲೂ ಕೇಳುತ್ತೇವೆ. ತಿಳಿದವರು ಅದು ಆತ್ಮ ಪರಮಾತ್ಮನ ಕಡೆ ಹೊರಟ ಪ್ರಸಂಗ ಎಂದು ಅರ್ಥ ಹೇಳುತ್ತಾರೆ. ಸರಿಯೇ ಇರಬಹುದು. ನನಗೆ ಮಾತ್ರ, ಮಗಳನ್ನು ಗಂಡನ ಮನೆಗೆ ಕಳಿಸುವ ಭಾಗ್ಯ ಇಲ್ಲದ ಒಬ್ಬ ಅಪ್ಪ ಅದನ್ನು ಹಾಡುತ್ತಿರುವಂತೆ ಕೇಳುತ್ತದೆ.

ಸೋರುವ ಮಾಳಿಗೆಯ ಪದವೂ ಹಾಗೆಯೇ. ಇದು ಎಲ್ಲರಿಗೂ ಗೊತ್ತು, ವಾರ್ಷಿಕೋತ್ಸವದಲ್ಲಿ ಪ್ರತಿ ವರ್ಷ ಯಾರಾದರೂ ಹಾಡುತ್ತಾರೆ. ಪರೀಕ್ಷೆಯಲ್ಲಿ ಕೇಳಿದರೆ ಮಾಳಿಗೆ ಎಂದರೆ ದೇಹ ಮತ್ತು ಮನಸ್ಸು, ಸೋರುವುದು ಅಜ್ಞಾನದಿಂದ ಎಂದು ಬರೆಯಬೇಕು. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಹಾನಗಲ್, ಹಿರೇಕೆರೂರು ಕಡೆಯ ಗೆಳೆಯರ ಊರುಗಳಲ್ಲಿ ಮಳೆ ಜಾಸ್ತಿ, ಅಲ್ಲಿ ಹೆಂಚಿನ ಮನೆಗಳೇ ಹೆಚ್ಚು, ಅವರಿಗೆ ಇದು ಅಷ್ಟು ಗೊತ್ತಿರಲಿಕ್ಕಿಲ್ಲ. ನಮ್ಮ ಎರೆಭೂಮಿಯ ಕಡೆ ತೊಲೆ, ಜಂತಿ ಜೋಡಿಸಿ ಮೇಲೆ ಮಣ್ಣು ಹಾಕಿ ತುಳಿದು ಗಟ್ಟಿ ಮಾಡುತ್ತಾರೆ. ಮಳೆಗಾಲಕ್ಕೆ ಮೊದಲು ಪ್ರತಿ ವರ್ಷ ಹೊಸ ಮಣ್ಣು ಹಾಕಬೇಕು, ಹುಲ್ಲು ಕೀಳಬೇಕು, ಬಿರುಕು ಮುಚ್ಚಬೇಕು. ಒಂದು ವರ್ಷ ತಪ್ಪಿದರೆ ನೀರು ಎಲ್ಲಿ ಇಳಿಯುತ್ತದೆಂದು ಹೇಳಲಿಕ್ಕಾಗದು. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ತೊಟ್ಟಿಕ್ಕುತ್ತದೆ. ರಾತ್ರಿ ಪಾತ್ರೆಗಳನ್ನು ಸರಿಸುತ್ತ ಎಚ್ಚರ ಇರಬೇಕು. ಮನೆ ನೋಡಿಕೊಳ್ಳುವವರಿಲ್ಲದ ಒಬ್ಬಂಟಿ ಮನುಷ್ಯ ಕತ್ತಲಲ್ಲಿ ಆ ಮಾಳಿಗೆ ಹತ್ತಿ ಸರಿಮಾಡುವುದು ಹೇಗೆ ಎಂದು ಚಿಂತೆ ಮಾಡಿದ್ದನ್ನು ನಾನು ತತ್ವ ಎಂದು ಓದುವ ಮೊದಲು ಸುದ್ದಿ ಎಂದು ಓದಿದೆ. ತತ್ವ ಆಮೇಲೆ ಬಂತು. ಅವರ ಜಾಣ್ಮೆಯೇ ಅದು. ತನ್ನ ಮನೆಯಲ್ಲಿ ಸೋರಿದ ನೀರನ್ನು ಕೂಡ ಅವರು ದಂಡ ಮಾಡಲಿಲ್ಲ.

ಕಣ್ಣಿಗೆ ಬಿದ್ದದ್ದನ್ನೆಲ್ಲ ಹೀಗೆ ಹಾಡಾಗಿಸುವುದು ಅವರ ದಿನಚರಿಯಾಯಿತು. ಬೀಸುವ ಕಲ್ಲು, ತಂಬೂರಿ, ಬಿದಿರು, ಕೋಳಿ, ಬೆಕ್ಕು, ಹೊಸದಾಗಿ ಬಂದ ಹತ್ತಿಯ ಗಿರಣಿ. ಅವರ ಬದುಕಿನ ಕೊನೆಯ ದಶಕದಲ್ಲಿ ನಮ್ಮ ಸೀಮೆಗೆ ರೈಲು ಬಂತು, ಹುಬ್ಬಳ್ಳಿಯಲ್ಲಿ ಗಿರಣಿಯ ಸದ್ದು ಶುರುವಾಯಿತು. ಅರವತ್ತು ದಾಟಿದ ಮುದುಕ ಗಿರಣಿ ನೋಡಿ, ಇದರ ಚಕ್ರ, ಪಟ್ಟಿ, ನೂಲು ಎಲ್ಲವನ್ನೂ ಸಣ್ಣ ಹುಡುಗನಂತೆ ಗಮನಿಸಿ ಪದ ಕಟ್ಟಿದರು. ಗ್ಯಾರೇಜಿನಲ್ಲಿ ಎಂಟು ತಿಂಗಳು ಎಂಜಿನ್ ಬಿಚ್ಚಿ ಕಟ್ಟಿದ ನನಗೆ ಈ ವಿಷಯ ಓದಿ ಬಹಳ ಖುಷಿಯಾಯಿತು. ದೇವರ ಪದ ಹಾಡುವವರು ಯಂತ್ರ ನೋಡಿ ಮೂಗು ಮುರಿಯುತ್ತಾರೆ ಎಂದುಕೊಂಡಿದ್ದೆ.

ಅದಕ್ಕಿಂತ ಮೊದಲು ಬರ ಬಂದಿತ್ತು. 1876ರಿಂದ 1878ರವರೆಗಿನ ಆ ಮಹಾ ಬರದಲ್ಲಿ ಧಾರವಾಡ, ಬಿಜಾಪುರ, ಬಳ್ಳಾರಿ ಸೀಮೆಗಳು ನಲುಗಿದವು. ಧಾತು, ಈಶ್ವರ ಎಂಬ ಸಂವತ್ಸರಗಳ ಹೆಸರಿನಿಂದಲೇ ಜನ ಅದನ್ನು ನೆನೆಯುತ್ತಿದ್ದರು. ಮಳೆ ಹೋಯಿತು, ಜೋಳ ಹೋಯಿತು, ದನ ಹೋದವು, ಆಮೇಲೆ ಮನುಷ್ಯರು. ಶರೀಫರಿಗೆ ಆಗ ಐವತ್ತೇಳು ಐವತ್ತೆಂಟು. ಎರಡು ವರ್ಷ ಹಳ್ಳಿಗಳು ಖಾಲಿಯಾಗುವುದನ್ನು ನೋಡಿದ ಮೇಲೂ ಅವರು ಹಾಡುವುದು ನಿಲ್ಲಿಸಲಿಲ್ಲ. ಇದನ್ನು ಓದಿದ ದಿನ ನನ್ನ ಎರಡು ವಿಷಯ ಬಹಳ ಸಣ್ಣದಾಗಿ ಕಂಡವು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ಹಾಗೆ ಆಗಲಿಲ್ಲ. ಫೇಲಾದದ್ದು ಫೇಲಾದಷ್ಟೇ ನೋಯುತ್ತಿತ್ತು. ಬೇರೆಯವರ ದೊಡ್ಡ ಕಷ್ಟ ನಮ್ಮ ಸಣ್ಣ ಕಷ್ಟವನ್ನು ಅಳಿಸುವುದಿಲ್ಲ. ಆದರೆ ಕಷ್ಟದ ಜೊತೆ ಕೂತು ಕೆಲಸ ಮಾಡಿದ ಒಬ್ಬರು ನಮ್ಮ ತಾಲೂಕಿನಲ್ಲೇ ಇದ್ದರು ಎಂದು ಗೊತ್ತಾಗಿತ್ತು.

ಅವರ ಜೊತೆಗೆ ಓಡಾಡಿದವರ ಹೆಸರುಗಳನ್ನು ಕೇಳಿದರೆ ಒಂದು ಕಾಲದ ಜಾತ್ರೆಯೇ ಕಣ್ಣ ಮುಂದೆ ಬರುತ್ತದೆ. ನವಲಗುಂದದ ನಾಗಲಿಂಗಸ್ವಾಮಿ, ಗರಗದ ಮಡಿವಾಳೇಶ್ವರರು, ಹುಬ್ಬಳ್ಳಿಯ ಸಿದ್ಧಾರೂಢರು. ಇವರನ್ನೆಲ್ಲ ಶರೀಫರು ಕಂಡು ಮಾತಾಡಿದ್ದರೆಂದು ಹೇಳುತ್ತಾರೆ. ಅವರ ಸುತ್ತ ಪವಾಡದ ಕಥೆಗಳೂ ಬಹಳ ಇವೆ. ಪವಾಡಗಳನ್ನು ನಾನು ಇಲ್ಲಿ ಬರೆಯಲಿಲ್ಲ. ನಂಬುವವರು ನಂಬಲಿ. ಪವಾಡ ಮಾಡುವ ಶರೀಫರಿಂದ ನನ್ನಂಥವನಿಗೆ ಏನೂ ಉಪಯೋಗವಿಲ್ಲ, ನನಗೆ ಪವಾಡ ಬರುವುದಿಲ್ಲ. ಸೋರುವ ಮನೆಯ ಶರೀಫರು ನನಗೆ ಹತ್ತಿರ.

ಗುರು ಗೋವಿಂದಭಟ್ಟರು ಮೊದಲು ತೀರಿಕೊಂಡರು. ಶಿಷ್ಯ ಮುದುಕನಾದ. ಕೈಯಲ್ಲಿ ಕಾಸಿರಲಿಲ್ಲ, ಸಾಲಸೋಲವೂ ಇತ್ತೆಂದು ಹೇಳುತ್ತಾರೆ. 1889ರಲ್ಲಿ, ಎಪ್ಪತ್ತನೆಯ ವಯಸ್ಸಿನಲ್ಲಿ, ಸಾವು ಹತ್ತಿರ ಬಂದದ್ದು ಅವರಿಗೆ ತಿಳಿಯಿತು. ಶರಣರ ಪದ್ಧತಿಯಂತೆ ಅಯ್ಯನವರ ಪಾದವನ್ನು ತಲೆಯ ಮೇಲೆ ಇಡಿಸಿಕೊಳ್ಳಬೇಕೆಂದು ಆಸೆಪಟ್ಟು ಹಿರೇಮಠದ ಕರಿಬಸವಯ್ಯನವರನ್ನು ಕೇಳಿಕೊಂಡರೆಂದೂ, ಅವರು ಮೊದಲು ಹಿಂದೆ ಮುಂದೆ ನೋಡಿ ಆಮೇಲೆ ಒಪ್ಪಿದರೆಂದೂ ಊರಲ್ಲಿ ಕಥೆ ಇದೆ. ತೀರಿಕೊಂಡ ಮೇಲೆ ಮಣ್ಣು ಮಾಡುವುದು ಯಾರು ಎಂಬ ಪ್ರಶ್ನೆ ಬಂತು. ಬದುಕಿದ್ದಾಗ ಬೇಡವಾದವರು ಸತ್ತ ಮೇಲೆ ಎರಡೂ ಕಡೆಯವರಿಗೆ ಬೇಕಾದರು. ಕೊನೆಗೆ ಒಂದು ಕಡೆ ಕುರಾನ್ ಪಠಣ, ಇನ್ನೊಂದು ಕಡೆ ಮಂತ್ರ, ಹೀಗೆ ಇಬ್ಬರೂ ತಮ್ಮ ತಮ್ಮ ಪದ್ಧತಿ ನಡೆಸಿ ಅವರನ್ನು ಶಿಶುನಾಳದಲ್ಲೇ ಮಣ್ಣು ಮಾಡಿದರು.

ತಮ್ಮ ಪದಗಳ ಒಂದು ಪುಸ್ತಕವನ್ನೂ ಅವರು ಅಚ್ಚು ಹಾಕಿಸಿರಲಿಲ್ಲ. ಅವು ಉಳಿದದ್ದು ಭಜನೆಯವರ, ಭಿಕ್ಷೆ ಬೇಡುವವರ, ಹಂತಿ ಹೊಡೆಯುವವರ, ಬೀಸುವ ಹೆಣ್ಣುಮಕ್ಕಳ ಬಾಯಲ್ಲಿ. ಎಷ್ಟೋ ವರ್ಷಗಳ ನಂತರ ಊರೂರು ತಿರುಗಿ ಹಾಡುವವರಿಂದ ಕೇಳಿ ಬರೆದುಕೊಂಡವರು ಪುಸ್ತಕ ಮಾಡಿದರು. ಆಮೇಲೆ ಸಿ. ಅಶ್ವತ್ಥ್ ಅವರು ಆ ಪದಗಳಿಗೆ ರಾಗ ಹಾಕಿ ಹಾಡಿದಾಗ ಬೆಂಗಳೂರು ಮೈಸೂರಿನವರಿಗೂ ನಮ್ಮ ಮುದುಕನ ಹೆಸರು ಗೊತ್ತಾಯಿತು. 1990ರಲ್ಲಿ ಟಿ.ಎಸ್. ನಾಗಾಭರಣ ಅವರು ಸಿನೆಮಾ ತೆಗೆದರು. ಶರೀಫರಾಗಿ ಶ್ರೀಧರ್, ಗೋವಿಂದಭಟ್ಟರಾಗಿ ಗಿರೀಶ್ ಕಾರ್ನಾಡ್. ರಾಷ್ಟ್ರೀಯ ಭಾವೈಕ್ಯದ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಸಿನೆಮಾ ಚೆನ್ನಾಗಿದೆ, ನೋಡದವರು ನೋಡಿ. ಒಂದೇ ಕೊರತೆ, ಅದರಲ್ಲಿ ಶರೀಫರು ಬಹಳ ಚಂದ ಇದ್ದಾರೆ.

ಈ ಬೇಸಿಗೆಯಲ್ಲಿ ನಾನಾ ಜೊತೆ ಶಿಶುನಾಳಕ್ಕೆ ಹೋಗಿದ್ದೆ. ಶಿಗ್ಗಾವಿಯಿಂದ ಬಸ್ಸಿನಲ್ಲಿ ಹೋಗುವಾಗ ದಾರಿಯ ಎರಡೂ ಕಡೆ ಹತ್ತಿ ಬಿಡಿಸಿದ ಹೊಲಗಳು ಒಣಗಿ ನಿಂತಿದ್ದವು. ಗದ್ದುಗೆಯ ಹತ್ತಿರ ಒಬ್ಬ ಹೆಣ್ಣುಮಗಳು ಕಾಯಿ ಒಡೆಸುತ್ತಿದ್ದಳು, ಅವಳ ಹಿಂದೆ ಬುರ್ಖಾ ತೊಟ್ಟ ಇನ್ನೊಬ್ಬರು ಸಕ್ಕರೆ ಓದಿಸಲು ಕಾಯುತ್ತಿದ್ದರು. ಬಿಸಿಲು ಜೋರಿತ್ತು. ಕಾಯಿಯವಳು ತನ್ನದು ಮುಗಿದ ಮೇಲೆ ಸರಿದು ಇವರಿಗೆ ನೆರಳಿನಲ್ಲಿ ಜಾಗ ಕೊಟ್ಟಳು. ಇಬ್ಬರ ಊರು ಒಂದೇ ಇರಬೇಕು, ಆಮೇಲೆ ಬಹಳ ಹೊತ್ತು ಮೆಣಸಿನಕಾಯಿ ರೇಟಿನ ಬಗ್ಗೆ ಮಾತಾಡಿದರು. ನಾನಾ ಫಾತಿಹಾ ಓದಿದರು. ನಾನೂ ಕೈ ಎತ್ತಿದೆ. ಏನು ಕೇಳಿಕೊಂಡೆ ಎಂದು ಬರೆಯುವುದಿಲ್ಲ, ನಿಮಗೆ ಗೊತ್ತೇ ಇದೆ.

ಪೂರಕ ಪರೀಕ್ಷೆಯಲ್ಲಿ ಅರ್ಥಶಾಸ್ತ್ರ ಪಾಸಾಯಿತು. ಇಂಗ್ಲಿಷ್ ಮತ್ತೆ ನಾಲ್ಕು ಅಂಕಕ್ಕೆ ಹೋಯಿತು. ಇನ್ನೊಮ್ಮೆ ಅರ್ಜಿ ತುಂಬಿದ್ದೇನೆ. ಬೆಳಿಗ್ಗೆ ಕಾಲೇಜು, ಸಂಜೆ ಗ್ಯಾರೇಜು. ಮಾಮು ಮೊದಲು ಗೊಣಗಿದರು, ಈಗ ಅವರೇ ಸ್ಪೆಲ್ಲಿಂಗ್ ಕೇಳುತ್ತಾರೆ. ಕೇಳಿದ ಸ್ಪೆಲ್ಲಿಂಗ್ ಸರಿಯೋ ತಪ್ಪೋ ಅವರಿಗೆ ಗೊತ್ತಿರುವುದಿಲ್ಲ, ನನಗೂ ಒಮ್ಮೊಮ್ಮೆ ಗೊತ್ತಿರುವುದಿಲ್ಲ, ಇಬ್ಬರೂ ಫೋನಿನಲ್ಲಿ ನೋಡುತ್ತೇವೆ.

ಶಿಶುನಾಳದಿಂದ ಬಂದ ವಾರ ನಾನಾ ಮತ್ತು ನಾನು ಮಾಳಿಗೆ ಹತ್ತಿದೆವು. ರೋಹಿಣಿ ಮಳೆ ಬರುವ ಮೊದಲು ಹೊಸ ಮಣ್ಣು ಹಾಕಬೇಕಿತ್ತು. ನಾನು ಕೆಳಗಿನಿಂದ ಬುಟ್ಟಿ ಏರಿಸಿದೆ, ನಾನಾ ಹರಡಿದರು, ಇಬ್ಬರೂ ನೀರು ಚಿಮುಕಿಸಿ ತುಳಿದೆವು. ತುಳಿಯುತ್ತ ನಾನಾ ಆ ಪದವನ್ನೇ ಗುನುಗುತ್ತಿದ್ದರು. ಅಶ್ವತ್ಥ್ ಅವರ ರಾಗ ಅಲ್ಲ, ಅವರ ಅಬ್ಬಾ ಹಾಡುತ್ತಿದ್ದ ಬೇರೊಂದು ಧಾಟಿ, ನಡುನಡುವೆ ಸಾಲು ಮರೆತು ಮೊದಲಿನಿಂದ ಶುರು ಮಾಡುತ್ತಿದ್ದರು. ಪಡಸಾಲೆಯ ಮೇಲಿನ ಮೂಲೆಯಲ್ಲಿ ಇನ್ನೂ ಎರಡು ಬುಟ್ಟಿ ಮಣ್ಣು ಬೇಕಾಗಿತ್ತು. ಕತ್ತಲಾಗುತ್ತಿತ್ತು, ನಾನು ಇಳಿದು ಹೋಗಿ ತಂದೆ.